.32 ರಿವಾಲ್ವರಿಗೆ ನಕಲಿ ದಂತದ ಹಿಡಿ: ಸರಿಯಾಗಿ ಕೂರುತ್ತಿಲ್ಲ, ಎಲ್ಲಿ ಉಜ್ಜಬೇಕು?

ಪಾಲಿಬೆಟ್ಟ_ತೋಟ

ಎಲ್ಲರಿಗೂ ನಮಸ್ಕಾರ. ರಿವಾಲ್ವರ್ ಸ್ಮಿತ್ ಅಂಡ್ ವೆಸನ್ .32, ಹಳೆಯ ಹ್ಯಾಂಡ್ ಎಜೆಕ್ಟರ್ (ಸಿಲಿಂಡರ್ ಪಕ್ಕಕ್ಕೆ ತೆರೆದು ಖಾಲಿ ತೋಟಾ ಕೈಯಿಂದ ನೂಕುವ ಮಾದರಿ), ದುಂಡು ತಳ, ಒಳಗೆ ಪಟ್ಟಿ ಸ್ಪ್ರಿಂಗ್. ಕಾಗದಪತ್ರ ಸರಿಯಿದೆ. ಮೂಲದ ಕಪ್ಪು ಗಟ್ಟಿರಬ್ಬರ್ ಹಿಡಿಯಲ್ಲಿ ಬಲಗಡೆಯದು ತಿರುಪಿನ ತೂತಿನಿಂದ ತಳದವರೆಗೂ ಸೀಳಿದೆ. ಬದಲಿಗೆ ದಂತದ ಬಣ್ಣದ ಪಾಲಿಯೆಸ್ಟರ್ ರೆಸಿನ್ ಹಿಡಿ ಒಂದು ಜೊತೆ ಬಂದಿದೆ. ಜೆ ಫ್ರೇಮಿಗೆ (ಸ್ಮಿತ್ ಅಂಡ್ ವೆಸನ್ನಿನ ಸಣ್ಣ ರಿವಾಲ್ವರುಗಳ ಒಂದು ಅಳತೆ) ಆಗುತ್ತೆ, ಸ್ವಲ್ಪ ಉಜ್ಜಿ ಕೂರಿಸಬೇಕು ಅಂತ ಪೊಟ್ಟಣದ ಮೇಲೆ ಬರೆದಿದೆ. ಆ ‘ಸ್ವಲ್ಪ’ ಎಷ್ಟು ಅನ್ನೋದೇ ಪ್ರಶ್ನೆ.

ಈಗಿನ ಸ್ಥಿತಿ: ಎಡಗಡೆಯ ಹಿಡಿಯನ್ನು ಫ್ರೇಮಿನ ಮೇಲಿಟ್ಟು ಬೆರಳಲ್ಲಿ ಒತ್ತಿದರೆ ಮೂಲೆಯಿಂದ ಮೂಲೆಗೆ ಕುಂಟುತ್ತೆ. ಬಲಗಡೆಯದರಲ್ಲಿ ಫ್ರೇಮಿನ ತಳದಲ್ಲಿ ಚಾಚಿರೋ ಗೂಟಕ್ಕೂ ಅದು ಕೂರಬೇಕಾದ ಹಿಡಿಯ ತೂತಿಗೂ ಸುಮಾರು 1 ಮಿ.ಮೀ. ವ್ಯತ್ಯಾಸ. ತಿರುಪು ಬಿಗಿ ಮಾಡಿದರೆ ತಳ ಕೂರುತ್ತೆ, ಮೇಲಂಚು ಎದ್ದು ನಿಲ್ಲುತ್ತೆ. ಹಿಂಬದಿಯಲ್ಲಿ ರೆಸಿನ್ನು ಉಕ್ಕಿಗಿಂತ ಒಂದೂವರೆ ಮಿ.ಮೀ. ಹೊರಗಿದೆ. ಇನ್ನೊಂದು, ಖಾಲಿ ರಿವಾಲ್ವರಿನ ಹ್ಯಾಮರನ್ನು ಹೆಬ್ಬೆರಳಲ್ಲಿ ಎಳೆದರೆ ಒಳಗೆಲ್ಲೋ ಉಜ್ಜುವ ಸದ್ದು. ಹಿಡಿ ಬಿಚ್ಚಿದರೆ ಆ ಸದ್ದಿಲ್ಲ.

ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್ (ಕೊಡಗಿನ ಆಯುಧಪೂಜೆ ಹಬ್ಬ), ಅಷ್ಟರೊಳಗೆ ಆಗಬೇಕು. ಹತ್ತಿರದ ಮರಗೆಲಸದವರು ‘ಕೊಡಿ, ಅರ ಹಾಕಿ ಕೂರಿಸ್ತೀನಿ’ ಅಂತಾರೆ. ಕೊಡಬಹುದಾ?

ಅರ_ಉಪ್ಪುಕಾಗದ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ರಿವಾಲ್ವರ್ ಕೊಡಬೇಡಿ. ಹಿಡಿ ಮಾತ್ರ ಕೊಡಬಹುದು, ಆದರೆ ಫ್ರೇಮ್ ಎದುರಿಗಿಲ್ಲದೆ ಅವರು ಕೂರಿಸೋದಾದರೂ ಹೇಗೆ? ಈ ಕೆಲಸ ನಿಮ್ಮ ಮೇಜಿನ ಮೇಲೇ ಆಗುತ್ತೆ. ಬೇಕಾದ ಸಾಮಾನು ಇಷ್ಟು: ಚಪ್ಪಟೆ ಗಾಜಿನ ತುಂಡು, 240ರಿಂದ 1500ರವರೆಗೆ ವಾಟರ್ ಪೇಪರ್, ನಯ ಹಲ್ಲಿನ ಒಂದು ಅರ್ಧಸುತ್ತಿನ ಅರ, ಮಾಸ್ಕಿಂಗ್ ಟೇಪ್, ವರ್ನಿಯರ್, ಮೆಕ್ಯಾನಿಕ್‌ಗಳು ಇಂಜಿನ್ ವಾಲ್ವ್ ಕೂರಿಸೋವಾಗ ಹಚ್ಚುವ ಬ್ಲೂ. ಬ್ಲೂ ಸಿಗದಿದ್ದರೆ ಲಿಪ್‌ಸ್ಟಿಕ್ ಸಾಕು, ಅದೇನೂ ಕಮ್ಮಿಯಲ್ಲ.

ಸಿಲಿಂಡರ್ ತೆರೆದು ಎಲ್ಲ ಕೋಣೆಯೂ ಖಾಲಿ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ತೋಟಾಗಳು ಬೇರೆ ಕೋಣೆಯಲ್ಲಿರಲಿ. ಹಿಡಿ ಬಿಚ್ಚೋವಾಗ ಅಂಚಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಗಟ್ಟಿರಬ್ಬರ್ ಬಿಸ್ಕತ್ತಿನ ಹಾಗೆ ಮುರಿಯುತ್ತೆ. ತಿರುಪನ್ನು ಮೂರ್ನಾಲ್ಕು ಸುತ್ತು ಸಡಿಲಿಸಿ, ತಲೆಯ ಮೇಲೆ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಮೆಲ್ಲಗೆ ತಟ್ಟಿ. ಆ ಕಡೆಯ ಹಿಡಿ ತಾನಾಗೇ ಏಳುತ್ತೆ. ಆಮೇಲೆ ಫ್ರೇಮಿನ ಕಿಟಕಿಯ (ಹಿಡಿಗಳ ನಡುವಿನ ಪೊಳ್ಳಿನ) ಒಳಗಿಂದ ಬೆರಳಲ್ಲಿ ಒತ್ತಿದರೆ ಈ ಕಡೆಯದೂ ಬರುತ್ತೆ.

ನಿಮ್ಮ ಐದೂ ತೊಂದರೆಗಳಿಗೆ ಮೂಲ ಎರಡೇ. ಒಳಮೈ ಚಪ್ಪಟೆಯಾಗಿಲ್ಲ, ಗೂಟದ ತೂತು ತಪ್ಪು ಜಾಗದಲ್ಲಿದೆ. ಉಳಿದದ್ದೆಲ್ಲ ಅದರಿಂದ ಹುಟ್ಟಿದ್ದು. ಎಲ್ಲರೂ ಮೊದಲು ಕಣ್ಣಿಗೆ ಬೀಳುವ ಹಿಂಬದಿಯ ಉಬ್ಬನ್ನು ಅರದಲ್ಲಿ ತೆಗೆಯೋಕೆ ಹೋಗ್ತಾರೆ. ಅದು ಕಡೆಯ ಕೆಲಸ. ಒಳಮೈ ಸರಿಯಾದ ಮೇಲೆ ಹಿಡಿ ಅರ್ಧ ಮಿ.ಮೀ. ಅತ್ತಿತ್ತ ಸರಿದು ಕೂರುತ್ತೆ. ಅಷ್ಟರಲ್ಲಿ ಹೊರಗಿನ ರೆಸಿನ್ ಉಜ್ಜಿಬಿಟ್ಟಿದ್ದರೆ ಉಕ್ಕಿಗಿಂತ ಒಳಗೆ ಹೋಗಿ ತಗ್ಗು ಬೀಳುತ್ತೆ. ಆ ತಗ್ಗಿಗೆ ಮದ್ದಿಲ್ಲ.

ಕ್ರಮ ಹೀಗಿರಲಿ. ಗಾಜಿನ ಮೇಲೆ 240ರ ಕಾಗದ ಹಾಸಿ, ನೀರು ಚಿಮುಕಿಸಿ, ಹಿಡಿಯ ಒಳಮೈಯನ್ನು ಎಂಟರ ಆಕಾರದಲ್ಲಿ ಉಜ್ಜಿ. ಹತ್ತು ಸಲ ಎಳೆದ ಮೇಲೆ ಎತ್ತಿ ನೋಡಿ. ಮೂಲೆಗಳು ಮಾತ್ರ ಮಂಕಾಗಿ ನಡುವೆ ಹೊಳಪು ಉಳಿದಿದ್ದರೆ ಒಳಮೈ ನಡುವೆ ತಗ್ಗಿದೆ ಅಂತ ಅರ್ಥ. ನಡು ಮಂಕಾಗಿ ಅಂಚು ಹೊಳೆದರೆ ಉಬ್ಬಿದೆ. ಕುಂಟುವ ಹಿಡಿಯಲ್ಲಿ ಸಾಮಾನ್ಯವಾಗಿ ಎದುರುಬದುರು ಎರಡು ಮೂಲೆ ಮಂಕಾಗಿರುತ್ತವೆ, ಅಂದರೆ ತಿರುಚಿಕೊಂಡಿದೆ. ಅಚ್ಚಿನಿಂದ ಬೇಗ ತೆಗೆದ ಪಾಲಿಯೆಸ್ಟರ್ ಆಮೇಲೆ ಕುಗ್ಗುತ್ತೆ, ದಪ್ಪ ಇರೋ ಕಡೆ ಹೆಚ್ಚು, ತೆಳು ಇರೋ ಕಡೆ ಕಡಿಮೆ. ತಿರುಚು ಬರೋದು ಅದಕ್ಕೇ. ಒಂದೇ ಸಮ ಮಂಕಾಗುವವರೆಗೆ ಉಜ್ಜಿ, ಅದಕ್ಕಿಂತ ಹೆಚ್ಚು ಬೇಡ. ತೆಗೆದಷ್ಟೂ ಹಿಡಿ ತೆಳುವಾಗುತ್ತೆ, ಬುಶ್ (ತಿರುಪು ಹಾಯುವ ಹಿತ್ತಾಳೆ ಬಳೆ) ಕೂರುವ ಕುಳಿಯ ಆಳ ಕಮ್ಮಿಯಾಗುತ್ತೆ.

ಈಗ ಫ್ರೇಮಿಗೆ ಬ್ಲೂ. ಬೆರಳ ತುದಿಯಲ್ಲಿ ತೆಗೆದುಕೊಂಡು ಬಹುಪಾಲು ಒರೆಸಿಬಿಟ್ಟು, ಉಳಿದ ಮಸುಕು ಮಾತ್ರ ಹಚ್ಚಿ. ಹಿಡಿಯನ್ನು ಮೇಲಂಚಿನ ಬಾಗಿಗೆ ಆನಿಸಿ, ನೇರ ಒತ್ತಿ, ಜಾರಿಸದೆ ಎತ್ತಿ. ನೀಲಿ ಹತ್ತಿದ ಜಾಗ ಎತ್ತರದ್ದು. ಅಲ್ಲಿ ಮಾತ್ರ ಚಾಕುವಿನ ಅಂಚಿನಿಂದ ಕೆರೆದು ಮತ್ತೆ ಒತ್ತಿ. ಸುತ್ತಲೂ ಮುಕ್ಕಾಲು ಪಾಲು ನೀಲಿ ಬಂದರೆ ಸಾಕು, ಪೂರ್ತಿ ಬರಬೇಕೆಂದು ಹಠ ಬೇಡ.

ಮೇಲಂಚು ಮೊದಲು ಕೂರಬೇಕು, ಗೂಟ ಆಮೇಲೆ. ಈ ಕ್ರಮ ತಲೆಕೆಳಗಾದರೆ ನೀವು ಹೇಳಿದ ತೊಂದರೆಯೇ ಬರುತ್ತೆ, ಗೂಟ ತಪ್ಪು ಜಾಗದಲ್ಲಿ ಹಿಡಿಯನ್ನು ಕೆಳಕ್ಕೆ ಎಳೆದು ಮೇಲೆ ಸಂದು ಬಿಡುತ್ತೆ. ತಿರುಪು ಸಂದು ಮುಚ್ಚೋ ಸಾಧನವಲ್ಲ. ತಿರುಪಿಲ್ಲದೆ ಎರಡು ಬೆರಳಿನ ಒತ್ತಡಕ್ಕೆ ಹಿಡಿ ಸುತ್ತಲೂ ಕೂರಬೇಕು. ತಿರುಪಿನಿಂದ ಎಳೆದು ಕೂರಿಸಿದ ರೆಸಿನ್ ಹಿಡಿ ಇವತ್ತಲ್ಲ ನಾಳೆ ತೂತಿನಿಂದ ಸೀಳೋದೇ.

ತಪ್ಪು ತೂತನ್ನು ಮುಚ್ಚಿ ಹೊಸದು ಕೊರೆಯಿರಿ. ಉಜ್ಜಿದಾಗ ಬಂದ ಬಿಳಿ ಪುಡಿಯನ್ನು ಒಣಗಿಸಿ ಅರಾಲ್ಡೈಟಿಗೆ ಕಲಸಿ ತುಂಬಿ, ಒಂದು ಹಗಲು ಒಂದು ರಾತ್ರಿ ಬಿಡಿ. ಮಳೆಗಾಲದ ಚಳಿಯಲ್ಲಿ ಅದು ನಿಧಾನ, ಉಗುರು ಒತ್ತಿದರೆ ಗುರುತು ಬೀಳಬಾರದು. ಗೂಟದ ತುದಿಗೆ ಮಾತ್ರ ಬ್ಲೂ ಮುಟ್ಟಿಸಿ, ಮೇಲಂಚಿಗೆ ಆನಿಸಿ ಒತ್ತಿದರೆ ಚುಕ್ಕೆ ಬೀಳುತ್ತೆ. ಗೂಟದ ದಪ್ಪಕ್ಕಿಂತ 0.1 ಅಥವಾ 0.2 ಮಿ.ಮೀ. ದೊಡ್ಡ ಬಿಟ್ ಹಾಕಿ. ಆಳ ಗೂಟದ ಉದ್ದಕ್ಕಿಂತ ಅರ್ಧ ಮಿ.ಮೀ. ಹೆಚ್ಚಿರಲಿ, ಇಲ್ಲದಿದ್ದರೆ ಗೂಟದ ತುದಿ ತೂತಿನ ತಳಕ್ಕೆ ತಾಗಿ ಹಿಡಿ ಮತ್ತೆ ಕುಂಟುತ್ತೆ. ಎಷ್ಟೋ ಸಲ ಕುಂಟೋಕೆ ಇದೇ ಕಾರಣ, ಒಳಮೈ ಉಜ್ಜಿ ಉಜ್ಜಿ ತೆಳು ಮಾಡಿದ ಮೇಲೆ ಗೊತ್ತಾಗುತ್ತೆ. ಹಾಗಾಗಿ ಉಜ್ಜೋಕೆ ಮುಂಚೆಯೇ ವರ್ನಿಯರಿನ ಬಾಲದಿಂದ ಆಳ ಅಳೆದು ನೋಡಿ.

ಡ್ರಿಲ್ಲನ್ನು ಕೈಯಿಂದ ತಿರುಗಿಸಿದರೂ ಆಗುತ್ತೆ. ಮಿಷನ್ ಆದರೆ ಅತಿ ನಿಧಾನ. ಹೊಸ ಚೂಪು ಬಿಟ್ ರೆಸಿನ್ನನ್ನು ಕಚ್ಚಿ ಎಳೆದುಕೊಳ್ಳುತ್ತೆ, ಅಂಚು ಸಿಡಿಯುತ್ತೆ. ಬಿಟ್ಟಿನ ಕೊಯ್ಯುವ ಅಂಚನ್ನು ಸಾಣೆಕಲ್ಲಿಗೆ ಒಂದೆರಡು ಸಲ ತಾಗಿಸಿ ಮೊಂಡು ಮಾಡಿಕೊಳ್ಳಿ.

ಹಾರಂಗಿ_ದಡ

ಮೇಲಿನವರು ಹೇಳಿದ್ದಕ್ಕೆ ಹ್ಯಾಮರ್ ಸದ್ದಿನ ವಿಷಯ ಸೇರಿಸ್ತೀನಿ. ಅದು ಅಂದಚಂದದ ಮಾತಲ್ಲ, ರಿವಾಲ್ವರ್ ಕೆಲಸ ಮಾಡೋ ಮಾತು.

ನಿಮ್ಮದರಲ್ಲಿ ಪಟ್ಟಿ ಸ್ಪ್ರಿಂಗ್ ಹಿಡಿಯ ಪೊಳ್ಳಿನಲ್ಲಿ ನೆಟ್ಟಗೆ ನಿಂತಿರುತ್ತೆ, ಕೆಳಗೆ ಮುಂಬದಿಯಲ್ಲಿ ಅದನ್ನು ಒತ್ತುವ ಸಣ್ಣ ತಿರುಪು. ಹ್ಯಾಮರ್ ಎಳೆದಾಗ ಸ್ಪ್ರಿಂಗ್ ಬಿಲ್ಲಿನಂತೆ ಬಾಗುತ್ತೆ. ಅಚ್ಚಿನ ಹಿಡಿಗಳ ಒಳಗೆ ಗಟ್ಟಿ ಬರಲಿ ಅಂತ ಒಂದು ದಿಮ್ಮಿ ಬಿಟ್ಟಿರ್ತಾರೆ, ಅದು ಫ್ರೇಮಿನ ಕಿಟಕಿಯೊಳಗೆ ಚಾಚಿಕೊಂಡಿರುತ್ತೆ. ಸ್ಪ್ರಿಂಗಿನ ಪಕ್ಕಕ್ಕೆ ಅಥವಾ ಹ್ಯಾಮರಿಗೆ ಸ್ಪ್ರಿಂಗ್ ಕೊಂಡಿ ಸೇರುವ ಜಾಗಕ್ಕೆ ಅದು ತಾಗಿದರೆ ಹ್ಯಾಮರಿನ ಹೊಡೆತ ದುರ್ಬಲವಾಗುತ್ತೆ, ತೋಟಾದ ಹಿಂದಿನ ಕ್ಯಾಪಿಗೆ ಗುರುತು ಬಿದ್ದರೂ ತೋಟಾ ಹಾರದೆ ಉಳಿಯಬಹುದು. ಆಗ ಜನ ತೋಟಾ ಹಳೆಯದು ಅಂತಾರೆ, ಸ್ಪ್ರಿಂಗ್ ಸತ್ತಿದೆ ಅಂತಾರೆ, ಹಿಡಿಯ ಮೇಲೆ ಯಾರಿಗೂ ಅನುಮಾನ ಬರಲ್ಲ.

ಪತ್ತೆ ಮಾಡೋದು ಸುಲಭ. ಒಂದೊಂದೇ ಹಿಡಿ ಹಾಕಿ ಹ್ಯಾಮರನ್ನು ನಿಧಾನ ಎಳೆದು, ಹೆಬ್ಬೆರಳು ಬಿಡದೆ ನಿಧಾನ ಇಳಿಸಿ. ಸದ್ದು ಯಾವ ಕಡೆಯದು ಅಂತ ಗೊತ್ತಾದ ಮೇಲೆ ಆ ಹಿಡಿಯ ಒಳಗೆ ಬ್ಲೂ ಹಚ್ಚಿ ಮತ್ತೆ ಎಳೆಯಿರಿ. ಒರೆಸಿಹೋದ ಗೆರೆಯೇ ತಾಗುವ ಜಾಗ. ಅಲ್ಲಿ ದುಂಡು ಅರದಿಂದ ಸ್ಪ್ರಿಂಗಿಗೂ ರೆಸಿನ್ನಿಗೂ ನಡುವೆ ಕಮ್ಮಿಯೆಂದರೆ ಅರ್ಧ ಮಿ.ಮೀ. ಗಾಳಿ ಇರುವಷ್ಟು ತೆಗೆಯಿರಿ. ಚೂಪು ಮೂಲೆ ಬಿಡಬೇಡಿ, ಒಳಮೂಲೆಯೆಲ್ಲ ದುಂಡಗಿರಲಿ. ರೆಸಿನ್ ಸೀಳು ಹುಟ್ಟೋದು ಮೂಲೆಯಲ್ಲೇ.

ಹಿಡಿಯ ತಿರುಪೂ ಅದೇ ಕಿಟಕಿಯಲ್ಲಿ ಹಾಯ್ದು ಹೋಗುತ್ತೆ. ಹೊಸ ಹಿಡಿಯಲ್ಲಿ ತಿರುಪಿನ ತೂತು ಮುಂದಕ್ಕೆ ಸರಿದಿದ್ದರೆ ತಿರುಪೇ ಬಾಗಿದ ಸ್ಪ್ರಿಂಗಿಗೆ ತಾಗಬಹುದು. ಎರಡೂ ಹಿಡಿ ಹಾಕಿ ಬಿಗಿದ ಮೇಲೆ ಇನ್ನೊಂದು ಸಲ ಎಳೆದು ನೋಡೋದು ಅದಕ್ಕೇ.

ಎಡಗಡೆಯ ಮೇಲಂಚು ಇನ್ನೊಂದು ಬಲೆ. ಈ ಮಾದರಿಯಲ್ಲಿ ಸಿಲಿಂಡರ್ ಎಡಕ್ಕೆ ತೆರೆಯುತ್ತೆ. ಹೊಸ ಹಿಡಿಯ ಭುಜ ದಪ್ಪಗಿದ್ದರೆ ಹೊರಬರುವ ಖಾಲಿ ತೋಟಾದ ಅಂಚು ಅದಕ್ಕೆ ಸಿಕ್ಕಿಕೊಳ್ಳುತ್ತೆ, ಇಲ್ಲವೇ ಸಿಲಿಂಡರ್ ಪೂರ್ತಿ ತೆರೆಯಲ್ಲ. ಖಾಲಿ ಕೇಸುಗಳನ್ನು ಹಾಕಿ ನೂಕಿ ನೋಡಿ. ತಾಗಿದರೆ ಅಷ್ಟು ಜಾಗ ಇಳಿಜಾರು ಮಾಡಿ.

ಜೆ ಫ್ರೇಮಿಗೆ ಆಗುತ್ತೆ ಅಂತ ಬರೆದಿರೋದನ್ನ ನಂಬಿ ಅಳೆಯದೆ ಇರಬೇಡಿ, ನಿಮ್ಮದು ಅದಕ್ಕಿಂತ ಹಳೆಯ ಐ ಫ್ರೇಮ್. ನೋಡೋಕೆ ಅಣ್ಣತಮ್ಮಂದಿರು, ಅಂಚು ಬೇರೆ. ಸೀಳಿದ ಹಳೆಯ ಹಿಡಿ ಎಸೆಯದೆ ಇಟ್ಟುಕೊಂಡಿದ್ದೀರಿ ತಾನೇ? ಅದರ ಒಳಮೈ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಚು, ಗೂಟದ ತೂತು, ತಿರುಪಿನ ತೂತು ಮೂರೂ ಮೂಡುತ್ತವೆ. ಕತ್ತರಿಸಿ ಹೊಸದರ ಮೇಲಿಟ್ಟರೆ ಎಲ್ಲಿ ಎಷ್ಟು ತಪ್ಪಿದೆ ಅನ್ನೋದು ಅರ ಮುಟ್ಟೋಕೆ ಮುಂಚೆಯೇ ಕಾಣುತ್ತೆ.

ಪಾಲಿಬೆಟ್ಟ_ತೋಟ

ಹಳೆಯದು ಇದೆ. ಕಾಗದದ ಉಪಾಯ ಚೆನ್ನಾಗಿದೆ. ನೋಡಿದಾಗ ಗೂಟದ ತೂತಿನ ಆಳವೂ ಕಮ್ಮಿಯೇ ಇದೆ, ಕುಂಟೋದು ಅರ್ಧ ಅದರಿಂದಲೇ ಇರಬೇಕು.

ಇನ್ನೆರಡು ಕೇಳ್ತೀನಿ. ಉಳಿದ ಸಣ್ಣ ಸಂದಿಗೆ ಒಳಗೆ ಅರಾಲ್ಡೈಟ್ ಹಚ್ಚಿ ಫ್ರೇಮಿನ ಅಚ್ಚು ತೆಗೆಯಬಹುದು ಅಂತಾರೆ, ಮಾಡಬಹುದಾ? ಮತ್ತೆ ಹೊಸ ಹಿಡಿ ತೀರಾ ಬೆಳ್ಳಗಿದೆ, ಬಚ್ಚಲಮನೆ ಟೈಲ್ಸ್ ಥರ. ಕಾಫಿ ಡಿಕಾಕ್ಷನ್ನಿನಲ್ಲಿ ನೆನೆಸಿದರೆ ಹಳೆಯ ದಂತದ ಬಣ್ಣ ಬರುತ್ತಾ?

ಅರ_ಉಪ್ಪುಕಾಗದ

ಅಚ್ಚು ತೆಗೆಯೋದು ಮಾಡಬಹುದು, ಆದರೆ ಉಜ್ಜೋದು ತಪ್ಪಿಸೋಕೆ ಅಲ್ಲ. ಸಂದು ಕಾಗದದಷ್ಟು ಇದ್ದರೆ ಮಾತ್ರ. ಫ್ರೇಮಿಗೆ ಬಣ್ಣವಿಲ್ಲದ ಬೂಟು ಪಾಲಿಶ್ ಎರಡು ಸಲ ಹಚ್ಚಿ ಒಣಗಿಸಿ. ಕಪ್ಪು, ಕಂದು ಬೇಡ, ಆ ಬಣ್ಣ ಬಿಳಿ ಹಿಡಿಯ ಅಂಚಿಗೆ ಗೆರೆಯಾಗಿ ಹತ್ತುತ್ತೆ. ಫ್ರೇಮಿನ ಕಿಟಕಿ, ಗೂಟದ ಬುಡ, ತಿರುಪಿನ ತಲೆ, ಎಲ್ಲ ಕುಳಿಗಳಿಗೂ ಮಕ್ಕಳು ಆಡೋ ಜೇಡಿಮಣ್ಣು (ಕ್ಲೇ) ತುಂಬಿ. ಒಂದು ಹನಿ ಅಂಟು ಒಳಗಿನ ಯಂತ್ರಕ್ಕೆ ಹರಿದರೆ ಬಿಚ್ಚಿಸೋಕೆ ಗನ್‌ಸ್ಮಿತ್ತೇ ಬೇಕು. ಅಂಟು ಸಮಪಾಲು ಕಲಸಿ ತೆಳುವಾಗಿ ಹಚ್ಚಿ, ರಬ್ಬರ್ ಬ್ಯಾಂಡ್ ಸುತ್ತಿ ಬಿಡಿ. ತಿರುಪು ಬಿಗಿದು ಕೂರಿಸಬೇಡಿ, ಹಿಡಿ ಬಾಗಿದ ಸ್ಥಿತಿಯಲ್ಲೇ ಅಚ್ಚಾಗುತ್ತೆ.

ಹಾರಂಗಿ_ದಡ

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಬಿಳಿ ಹಿಡಿಯಲ್ಲಿ ಅಂಟಿನ ಗೆರೆ ವರ್ಷ ಕಳೆದಂತೆ ಹಳದಿಯಾಗಿ ಎದ್ದು ಕಾಣುತ್ತೆ. ಮರದ ಹಿಡಿಯಾದರೆ ಅಡಗುತ್ತೆ, ದಂತದ ಬಣ್ಣದಲ್ಲಿ ಅಡಗಲ್ಲ. ಬ್ಲೂ ಹಚ್ಚಿ ಕೆರೆಯೋದಕ್ಕೆ ಇನ್ನೊಂದು ಸಂಜೆ ಕೊಡಿ, ಅಂಟಿನ ಸಹವಾಸವೇ ಬೇಡ.

ಬಣ್ಣದ ವಿಷಯ. ಕಾಫಿ, ಚಹಾ ಹತ್ತೋದು ಮೂಳೆಗೆ, ಕಾಗದ ಪದರದ ಮೈಕಾರ್ಟಾಗೆ. ಒಂಟೆಮೂಳೆಯ ಚಾಕು ಹಿಡಿಗಳನ್ನು ಚಹಾದಲ್ಲಿ ನೆನೆಸಿ ಹಳತು ಮಾಡೋದು ಮಾಮೂಲು. ಪಾಲಿಯೆಸ್ಟರಿಗೆ ರಂಧ್ರವೇ ಇಲ್ಲ, ಒಂದು ವಾರ ನೆನೆಸಿದರೂ ಒರೆಸಿದರೆ ಹೋಗುತ್ತೆ. ಒಳ್ಳೆಯ ಅರೇಬಿಕಾ ಯಾಕೆ ಹಾಳು ಮಾಡ್ತೀರಿ. ರೆಸಿನ್ನಿನಲ್ಲಿ ಬಣ್ಣ ನಿಲ್ಲೋದು ಗೀರಿನಲ್ಲಿ ಮಾತ್ರ. ಉದ್ದುದ್ದಕ್ಕೆ ಸೂಜಿಯಿಂದ ಕೂದಲೆಳೆಯಂಥ ಗೀರು ಎಳೆದು, ಚಿತ್ರಕಾರರ ಆಯಿಲ್ ಕಲರ್ ಕಂದು ಬಣ್ಣ ಉಜ್ಜಿ, ಒಣಬಟ್ಟೆಯಿಂದ ಅಡ್ಡಡ್ಡ ಒರೆಸಿದರೆ ಗೀರಿನಲ್ಲಿ ಉಳಿಯುತ್ತೆ. ಗೀರು ಸಮಾನಾಂತರ ಇರಬಾರದು, ಅಲ್ಲಲ್ಲಿ ಕೂಡಿ ಬಿಡಬೇಕು. ಹಿಡಿತ ತಪ್ಪಿ ಜಾಸ್ತಿ ಆದರೆ ಕಾಡುಹಂದಿ ಗೀರಿದ ಹಾಗೆ ಕಾಣುತ್ತೆ. ಬಿಳುಪಿನ ಹೊಳಪು ಮುರಿಯೋದೇ ಉದ್ದೇಶವಾದರೆ 1500ರ ಕಾಗದದಲ್ಲಿ ನಿಲ್ಲಿಸಿ, ಪಾಲಿಶ್ ಮಾಡಬೇಡಿ. ರೇಶಿಮೆಯಂಥ ಮಂಕು ಮೈ ದಂತಕ್ಕೆ ಹತ್ತಿರ, ಕೈಗೂ ಜಾರಲ್ಲ.

ಕಿಗ್ಗಟ್ಟು_ಕೋವಿ

ಈ ಥ್ರೆಡ್ಡಿನಲ್ಲಿ ಯಾರೂ ಹೇಳದ ಒಂದೆರಡು ಮಾತು.

ಮೊದಲನೆಯದು, ಮನೆಯ ಹಳೆಯ ಕೋವಿ, ಪೀಚೆಕತ್ತಿಗಳ ಮೇಲೆ ಬಿಳಿ ಹಿಡಿ ಇದ್ದರೆ ಅದು ಏನು ಅಂತ ತಿಳಿಯದೆ ಅರ ಹಾಕಬೇಡಿ, ಯಾರಿಗೂ ಮಾರಬೇಡಿ. ನಿಜದಂತವಾದರೆ ವ್ಯಾಪಾರ ಪೂರ್ತಿ ನಿಷಿದ್ಧ. ವನ್ಯಜೀವಿ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ನಮ್ಮ ಆನೆಯ ದಂತದ ವ್ಯಾಪಾರ ನಿಲ್ಲಿಸಿತು, 1991ರದು ಆಫ್ರಿಕಾದಿಂದ ಬಂದ ದಂತವನ್ನೂ ಸೇರಿಸಿತು. ‘ಅಜ್ಜನ ಕಾಲದ್ದು’ ಅನ್ನೋದು ಉತ್ತರವಾಗಲ್ಲ, ಮಾಲೀಕತ್ವದ ಪ್ರಮಾಣಪತ್ರ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ನಿಮ್ಮ ವಿಭಾಗದ ಅರಣ್ಯ ಕಚೇರಿಯಲ್ಲಿ ವಿಚಾರಿಸಿ.

ಗುರುತಿಸೋದು ಹೇಗೆ? ಹಿಡಿಯ ತಳದ ಅಡ್ಡಕೊಯ್ತದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಆನೆದಂತದಲ್ಲಿ ಎರಡು ಸಾಲು ಬಾಗಿದ ಗೆರೆಗಳು ಒಂದನ್ನೊಂದು ದಾಟಿ ಜಾಲರಿಯಾಗುತ್ತವೆ. ಹೊರಪದರದ ಹತ್ತಿರ ಆ ಕೋನ 115 ಡಿಗ್ರಿಗಿಂತ ಅಗಲ ಇರುತ್ತೆ, ಮ್ಯಾಮತ್ ದಂತದಲ್ಲಿ 90ಕ್ಕಿಂತ ಕಮ್ಮಿ. ನಕಲಿಯಲ್ಲಿ ಗೆರೆ ಇದ್ದರೂ ಬರೀ ಉದ್ದುದ್ದ, ಸ್ಕೇಲು ಹಿಡಿದು ಎಳೆದಂತೆ, ದಾಟೋದಿಲ್ಲ. ಮೂಳೆಯಲ್ಲಿ ಜಾಲರಿ ಬದಲು ಸಣ್ಣ ಕಪ್ಪು ಚುಕ್ಕೆಗಳು.

ಕಾಯಿಸಿದ ಸೂಜಿಯಿಂದ ಚುಚ್ಚಿ ನೋಡಿ ಅಂತ ಹೇಳೋರು ಇದ್ದಾರೆ. ಹಳೆಯ ಹಿಡಿಗೆ ಅದನ್ನು ಖಂಡಿತ ಮಾಡಬೇಡಿ, ಅದು ಸೆಲ್ಯುಲಾಯ್ಡ್ ಆಗಿರಬಹುದು. ದಂತದ ಬದಲಿಗೆ 19ನೇ ಶತಮಾನದಿಂದಲೇ ಬಳಕೆಗೆ ಬಂದ ವಸ್ತು ಅದು, ಕಿಡಿ ತಾಗಿದರೆ ಭಗ್ಗನೆ ಉರಿಯುತ್ತೆ. ಹೆಬ್ಬೆರಳಲ್ಲಿ ಜೋರಾಗಿ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ. ಅಂಥ ಹಿಡಿಯ ಆಯುಧವನ್ನು ಕೈಲ್‌ಪೊಳ್ದ್ ದಿನ ನೆಲ್ಲಕ್ಕಿ (ಮನೆಯ ನಡುಕೋಣೆ) ದೀಪದ ಪಕ್ಕದಲ್ಲೇ ಒರಗಿಸಬೇಡಿ, ಒಂದು ಮಾರು ದೂರ ಇಡಿ. ಸೆಲ್ಯುಲಾಯ್ಡ್ ಹಳತಾಗುತ್ತಾ ಆಮ್ಲದ ಆವಿ ಬಿಡುತ್ತೆ, ಹಿಡಿಯ ಕೆಳಗಿನ ಉಕ್ಕು ತಿಂದುಹೋಗಿರುತ್ತೆ. ಬಿರುಕು, ಬೆವರಿದಂಥ ಅಂಟು, ಸುತ್ತಲಿನ ಸ್ಕ್ರೂಗಳಿಗೆ ಹಸಿರು ಕಂಡರೆ ಬಿಚ್ಚಿ ಬೇರೆ ಇಡಿ.

ಎರಡನೆಯದು, ಅರ_ಉಪ್ಪುಕಾಗದ ಹೇಳಿದ ಹಾಗೆ ಮರಗೆಲಸದವರಿಗೆ ರಿವಾಲ್ವರ್ ಕೊಡೋ ಮಾತಿಲ್ಲ. ಕೋವಿ ರಿಪೇರಿಗೆ ಪರವಾನಗಿ ಬೇಕು. ಹಿಡಿ ಮಾಡಿಸೋಕೆ ದೂರದವರಿಗೆ ಕಳಿಸೋದಾದರೆ ಕಾಗದದ ಅಚ್ಚು ಮತ್ತು ಹಳೆಯ ಹಿಡಿ ಕಳಿಸಿ, ಕೋವಿ ಪಾರ್ಸೆಲ್ ಮಾಡಬೇಡಿ. ಇಲ್ಲಿ ಫೋಟೋ ಹಾಕೋವಾಗ ನಂಬರ್ ಮುಚ್ಚಿ. ಹೊಸ ಹಿಡಿಯ ಬಿಲ್ಲನ್ನು, ಅದರಲ್ಲಿ ರೆಸಿನ್ ಅಂತ ಬರೆದಿರೋದನ್ನ, ಕೋವಿಯ ಕಾಗದದ ಜೊತೆಗೇ ಇಡಿ. ದಂತದ ಹಾಗೆ ಕಾಣೋದನ್ನ ಚೆಕ್‌ಪೋಸ್ಟಿನಲ್ಲಿ ವಿವರಿಸೋಕೆ ಒಂದು ಚೀಟಿ ಇದ್ದರೆ ಹಗುರ.

ಹಳೆಯ ಹಿಡಿಯ ಒಳಮೈಯನ್ನೂ ನೋಡಿಕೊಳ್ಳಿ. ಹಳೆಯ ಸ್ಮಿತ್ ಅಂಡ್ ವೆಸನ್ನಿನಲ್ಲಿ ಬಲಗಡೆಯದರ ಒಳಗೆ ರಿವಾಲ್ವರಿನ ನಂಬರನ್ನೇ ಪೆನ್ಸಿಲಿನಲ್ಲಿ ಬರೆದಿರೋದು ಅಥವಾ ಕೆತ್ತಿರೋದು ಉಂಟು. ಸೀಳಿದ್ದರೂ ಅದು ಆ ರಿವಾಲ್ವರಿನ ಭಾಗ. ತೆಳು ಅಂಟಿನಲ್ಲಿ ಕೂಡಿಸಿ ಡಬ್ಬಿಯಲ್ಲಿಡಿ, ಉಜ್ಜಿ ತೊಳೆದು ಬರಹ ಅಳಿಸಬೇಡಿ.

ಅರ_ಉಪ್ಪುಕಾಗದ

ಈಗ ಹೊರಮೈ. ಒಳಗೆಲ್ಲ ಕೂತ ಮೇಲೆ ಹಿಡಿಗಳನ್ನು ಹಾಕಿ ತಿರುಪು ಬಿಗಿದು, ಹಿಡಿ ಎಲ್ಲಿ ಉಕ್ಕನ್ನು ದಾಟಿದೆಯೋ ಆ ಗೆರೆಯನ್ನು ಚೂಪು ಪೆನ್ಸಿಲಿನಿಂದ ಒಳಬದಿಯಲ್ಲಿ ಗುರುತು ಮಾಡಿ. ಬಿಚ್ಚಿ. ಗೆರೆಗೆ ಅರ್ಧ ಮಿ.ಮೀ. ಬಿಟ್ಟು ಉಳಿದದ್ದನ್ನು ಫ್ರೇಮಿನಿಂದ ದೂರವಿಟ್ಟು ಅರದಲ್ಲಿ ತೆಗೆಯಿರಿ. ಆ ಕೊನೆಯ ಅರ್ಧಕ್ಕೆ ಮತ್ತೆ ಹಾಕಿ, ಹಿಂಬದಿಯ ಉಕ್ಕಿಗೆ ಟೇಪ್ ಎರಡು ಪದರ ಅಂಟಿಸಿ, 320ರ ಕಾಗದವನ್ನು ಮರದ ತುಂಡಿಗೆ ಸುತ್ತಿ ಟೇಪು ಮುಟ್ಟುವವರೆಗೆ ಉಜ್ಜಿ. ಟೇಪು ಸವೆದು ತೂತಾದ ಕ್ಷಣ ನಿಲ್ಲಿಸಿ ಹೊಸದು ಹಚ್ಚಿ. ಉಕ್ಕಿನ ಮೇಲಿನ ಮೂಲದ ನೀಲಿ ಮೆರುಗು (ಹಚ್ಚಿದ ಬ್ಲೂ ಅಲ್ಲ) ಕಾಗದದ ಎರಡು ಎಳೆತಕ್ಕೆ ಹೋಗುತ್ತೆ, ಅದನ್ನು ಮರಳಿ ತರೋ ಖರ್ಚು ಹಿಡಿಯ ಬೆಲೆಗಿಂತ ಹೆಚ್ಚು. ಕಡೆಗೆ ಹಿಡಿ ಉಕ್ಕಿಗಿಂತ ಟೇಪಿನ ದಪ್ಪದಷ್ಟು ಎತ್ತರ ಉಳಿಯಲಿ. ಸರಿಸಮ ಮಾಡೋಕೆ ಹೋದರೆ ಎಲ್ಲೋ ಒಂದು ಕಡೆ ತಗ್ಗಿ ಕಪ್ಪುಗೆರೆ ಬೀಳುತ್ತೆ, ಬಿಳಿ ಪಕ್ಕ ಅದು ಇನ್ನೂ ಎದ್ದು ಕಾಣುತ್ತೆ.

400, 600, 1000, 1500, ಎಲ್ಲ ನೀರಿನಲ್ಲಿ, ಹಿಡಿ ಕೈಯಲ್ಲಿ ಹಿಡಿದು. ನೀರು ಎರಡು ಕಾರಣಕ್ಕೆ: ಬಿಸಿಯಾಗಲ್ಲ, ಪುಡಿ ಹಾರಲ್ಲ. ಒಣ ಉಜ್ಜೋದಾದರೆ ಮೂಗಿಗೆ ಮಾಸ್ಕ್ ಇರಲಿ. ಡ್ರಿಲ್ಲಿಗೆ ಬಫ್ ಚಕ್ರ ಸಿಕ್ಕಿಸಿ ಹೊಳಪು ತರೋಕೆ ಹೋಗಬೇಡಿ, ಒಂದೇ ಜಾಗದಲ್ಲಿ ನಿಂತರೆ ರೆಸಿನ್ ಮೆತ್ತಗಾಗಿ ಬಳಿದಂತಾಗುತ್ತೆ. ಬ್ರಾಸೋ ಹಾಕೋದಿದ್ದರೆ ಹಿಡಿ ಬಿಚ್ಚಿಯೇ ಹಾಕಿ, ಅದು ಉಕ್ಕಿನ ನೀಲಿಯನ್ನು ತೆಗೆಯುತ್ತೆ. ಥಿನ್ನರ್, ಅಸಿಟೋನ್ ಮುಟ್ಟಿಸಲೇಬೇಡಿ.

ಬುಶ್‌ಗಳು: ಹಳೆಯ ಹಿಡಿಯ ಹಿತ್ತಾಳೆ ಬುಶ್, ನಟ್, ತಿರುಪನ್ನೇ ಬಳಸಿ. ಹಳೆಯ ತಿರುಪಿನ ಸುತ್ತು ಈಗಿನ ಮೆಟ್ರಿಕ್ ಬೋಲ್ಟಿಗೆ ಸೇರಲ್ಲ, ಬಲವಂತ ಮಾಡಿದರೆ ಎರಡೂ ಹಾಳು. ಬುಶ್ಶಿನ ಒಳತುದಿ ಹಿಡಿಯ ಒಳಮೈಗಿಂತ ಕೆಳಗಿರಬೇಕು, ಮೇಲೆದ್ದಿದ್ದರೆ ಫ್ರೇಮಿಗೆ ತಾಗಿ ಮತ್ತೆ ಸಂದು. ಹೊಸ ಹಿಡಿ ತೆಳುವಾಗಿ ತಿರುಪು ಉದ್ದವಾದರೆ ಅದು ನಟ್ಟಿನ ತಳ ಮುಟ್ಟಿ ‘ಬಿಗಿಯಾಯ್ತು’ ಅನ್ನಿಸುತ್ತೆ, ಹಿಡಿ ಮಾತ್ರ ಅಲ್ಲಾಡ್ತಾ ಇರುತ್ತೆ. ತುದಿ ಒಂದು ಮಿ.ಮೀ. ಕತ್ತರಿಸೋ ಮುಂಚೆ ತಿರುಪಿಗೆ ನಟ್ ಹಾಕಿಕೊಂಡಿರಿ. ಕತ್ತರಿಸಿದ ಮೇಲೆ ನಟ್ ಹೊರತೆಗೆದರೆ ಸುತ್ತು ತಾನಾಗಿ ಸ್ವಚ್ಛವಾಗುತ್ತೆ.

ಬಿಗಿ ಎಷ್ಟು? ಸ್ಕ್ರೂಡ್ರೈವರನ್ನು ಮುಷ್ಟಿಯಲ್ಲಿ ಹಿಡಿಯಬೇಡಿ, ಮೂರು ಬೆರಳಲ್ಲಿ ಹಿಡಿದು ನಿಂತಲ್ಲಿಗೆ ನಿಲ್ಲಿಸಿ. ಸಡಿಲವಾಗದಿರೋಕೆ ಲಾಕ್‌ಟೈಟ್ ಬೇಡ, ಕೆಲವು ಪ್ಲಾಸ್ಟಿಕ್ಕುಗಳನ್ನು ಅದು ಬಿರಿಸುತ್ತೆ. ಸುತ್ತುಗಳಿಗೆ ಜೇನುಮೇಣ ಉಜ್ಜಿದರೆ ಹಿಡಿತವೂ ಇರುತ್ತೆ, ತುಕ್ಕೂ ಬರಲ್ಲ. ಅದಕ್ಕಂತೂ ಕೊಡಗಿನಲ್ಲಿ ಬರಗಾಲವಿಲ್ಲ.

ಹಾರಂಗಿ_ದಡ

ಇಲ್ಲಿಯ ಮಳೆಗೆ ಒಂದು ಮಾತು. ರೆಸಿನ್ ಹಿಡಿ ಮರದಂತೆ ನೀರು ಕುಡಿದು ಉಬ್ಬಲ್ಲ, ದಂತದಂತೆ ಬೇಸಿಗೆಯಲ್ಲಿ ಬಿರಿಯಲ್ಲ, ಅದು ಅದರ ಗುಣ. ಆದರೆ ಚೆನ್ನಾಗಿ ಕೂತ ಹಿಡಿಯ ಕೆಳಗೆ ಸೇರಿದ ಹಸಿ ಹೊರಗೆ ಬರಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೇಲೆ ಫಳಫಳ, ಒಳಗೆ ಕೆಂಪು ತುಕ್ಕು. ಹಾಕೋಕೆ ಮುಂಚೆ ಫ್ರೇಮಿನ ಹಿಡಿಭಾಗವನ್ನು ಒಣಗಿಸಿ ತೆಳುವಾಗಿ ಮೇಣ ಹಚ್ಚಿ, ಉಜ್ಜುಪುಡಿ ಇಲ್ಲದ ಕಾರಿನ ಮೇಣವಾದರೂ ಸರಿ. ಎಣ್ಣೆ ಸುರಿದರೆ ಅಂಚಿನಿಂದ ಜಿನುಗಿ ಬಿಳಿ ಹಿಡಿಗೆ ಕೊಳೆಯ ಗೆರೆ ಕಟ್ಟುತ್ತೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಚರ್ಮದ ಚೀಲದಲ್ಲಿ ಇಟ್ಟು ಮರೆಯಬೇಡಿ, ಚರ್ಮ ತೇವ ಹಿಡಿದಿಡುತ್ತೆ.

ಪಾಲಿಬೆಟ್ಟ_ತೋಟ

ಎಲ್ಲರಿಗೂ ಧನ್ಯವಾದ. ಪೂಜೆಗೆ ಗಂಧ, ಕುಂಕುಮ ಇಡ್ತೀವಲ್ಲ, ಬಿಳಿ ಹಿಡಿಗೆ ಕಲೆ ಹತ್ತುತ್ತಾ?

ಕಿಗ್ಗಟ್ಟು_ಕೋವಿ

ಮಂಕು ಮೈ ಬಿಟ್ಟರೆ ಹತ್ತಬಹುದು. ಇಡೋಕೆ ಮುಂಚೆ ಹಿಡಿಗೂ ಮೇಣ ಒರೆಸಿ, ಬೊಟ್ಟು ಉಕ್ಕಿಗೂ ಬೇಡ, ಹಿಡಿಯ ಅಂಚಿಗೂ ಬೇಡ, ಹಿಡಿಯ ನಡುಮೈಗೆ ಇಡಿ. ಉಕ್ಕಿನ ಮೇಲೆ ಒದ್ದೆ ಗಂಧ ರಾತ್ರಿ ಉಳಿದರೆ ಬೆಳಿಗ್ಗೆ ತುಕ್ಕಿನ ಚುಕ್ಕೆ ಇರುತ್ತೆ. ಅವತ್ತು ಸಂಜೆಯೇ ಒದ್ದೆ ಬಟ್ಟೆ, ಆಮೇಲೆ ಒಣಬಟ್ಟೆ. ಅರಿಶಿನದ ಹಳದಿ ಉಳಿದರೆ ಹಿಡಿಯನ್ನು ಬಿಚ್ಚಿ ಬಿಸಿಲಿಗಿಡಿ, ಮಾಸುತ್ತೆ. ಕುಂಕುಮ ಹಾಗೆ ಹೋಗಲ್ಲ, 1500ರ ಕಾಗದವೇ ಗತಿ. ತೋಕ್‌ಪೂವನ್ನು (ಹಬ್ಬಕ್ಕೆ ಕೋವಿಗೆ ಸಿಕ್ಕಿಸೋ ಹೂವು) ನಳಿಗೆಯ ಬಾಯಿಗೆ ಸಿಕ್ಕಿಸಿದ್ದರೆ ಅದನ್ನೂ ಅವತ್ತೇ ತೆಗೆದು ನಳಿಗೆಗೆ ಒಣ ಬಟ್ಟೆ ಎಳೆಯಿರಿ.

ಸೋಮವಾರಪೇಟೆ_ಏಲಕ್ಕಿ

ಇದೇ ವಿಧಾನ ಕಾನ್ಪುರದ .32ಗೂ ಆಗುತ್ತಾ? ಮಧ್ಯದಲ್ಲಿ ಮಡಚುವಂಥದ್ದು.

ಅರ_ಉಪ್ಪುಕಾಗದ

ಬ್ಲೂ ಹಚ್ಚೋದು, ಉಜ್ಜೋದು, ಟೇಪು ಎಲ್ಲ ಅದೇ. ಒಳಗಿನದು ಬೇರೆ. ಅದು ವೆಬ್ಲಿ ಮಾರ್ಕ್ 4ರ ವಂಶದ್ದು, ಹಿಡಿಯೊಳಗೆ ಪಟ್ಟಿಯ ಬದಲು ವಿ ಆಕಾರದ ಸ್ಪ್ರಿಂಗ್, ಅದು ಆಡೋಕೆ ಜಾಗ ಇನ್ನೂ ಹೆಚ್ಚು ಬೇಕು. ಸ್ಮಿತ್ತಿನ ಅಳತೆಯ ಹಿಡಿ ತರಿಸಬೇಡಿ, ಎಷ್ಟು ಉಜ್ಜಿದರೂ ಕೂರಲ್ಲ. ಹೊಸ ಥ್ರೆಡ್ ತೆರೆದು, ಹಿಡಿ ಬಿಚ್ಚಿದ ಎರಡೂ ಪಕ್ಕದ ಫೋಟೋ ಮತ್ತು ಹಳೆಯ ಹಿಡಿಯ ಒಳಮೈ ಫೋಟೋ ಹಾಕಿ, ನಂಬರ್ ಮುಚ್ಚಿ.